ಹೆರ್ಮನ್ ಮೋಗ್ಲಿಂಗ್ ಅಯ್ಯನವರ ಚರಿತ್ರೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಗಳಲ್ಲಿ ಮಗ್ಗದ ಮುಂದೆ ಕೂತು ದುಡಿಯುವವರೂ ಜೋಳದ ಹೊಲದಲ್ಲಿ ಬೆವರು ಸುರಿಸುವವರೂ ನೆರೆಯವರಿಗೆ ಕರ್ತನ ಸಂಗತಿಯನ್ನು ಹೇಳಬೇಕೆಂದು ಮನಸ್ಸು ಮಾಡಿ, ನಾವು ಓದಿದವರಲ್ಲ, ತರ್ಕ ಬಲ್ಲವರಲ್ಲ, ಅದು ಉಪದೇಶಿಯ ಕೆಲಸವೆಂದು ಹಿಂಜರಿಯುವದುಂಟು. ಅಂಥವರು ಈ ಚರಿತ್ರೆಯನ್ನು ಮನಸ್ಸಿಟ್ಟು ಓದಲಿ. ಯಾಕಂದರೆ ಇದು ಬಹಳವಾಗಿ ಓದಿದ್ದ ಒಬ್ಬ ಮನುಷ್ಯನ ಚರಿತ್ರೆ. ಆದರೆ ಆತನ ಸೇವೆಯ ಫಲವು ಓದಿನಿಂದ ಮಾತ್ರವೇ ಬಂದದ್ದಲ್ಲ.

ಮೋಗ್ಲಿಂಗ್ ಅಯ್ಯನವರು 1811ರಲ್ಲಿ ಜರ್ಮನಿಯ ವುರ್ಟೆಂಬೆರ್ಗ್ ದೇಶದ ಬ್ರಾಕೆನ್‌ಹೈಮ್ ಎಂಬ ಊರಲ್ಲಿ ಹುಟ್ಟಿದರು. ಟ್ಯೂಬಿಂಗೆನ್ ವಿದ್ಯಾಪೀಠದಲ್ಲಿ ದೇವಜ್ಞಾನಶಾಸ್ತ್ರವನ್ನು ಅಭ್ಯಾಸಮಾಡಿದರು. ಸ್ವದೇಶದಲ್ಲಿಯೇ ಸಭಾಪಾಲಕರಾಗಿ ಸುಖದಿಂದ ಬಾಳಬಹುದಾಗಿತ್ತು. ಆದಾಗ್ಯೂ ಬಾಸೆಲ್ ಮಿಶನ್ನಿಗೆ ತಮ್ಮನ್ನು ಒಪ್ಪಿಸಿಕೊಟ್ಟು 1836ರಲ್ಲಿ ಮಂಗಳೂರಿಗೆ ಬಂದರು. ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮೊದಲಿನ ಮಿಶನರಿಗಳು ಆ ಊರಿಗೆ ಬಂದು ಆಗ ಎರಡು ವರುಷ ಮಾತ್ರ ಆಗಿತ್ತು.

1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಮಿಶನ್ ನೆಲೆಗೊಂಡಿತು. ಅಯ್ಯನವರು ನಮ್ಮ ಈ ಬಡಗಣ ಸೀಮೆಯಲ್ಲಿಯೂ ಸಂಚರಿಸಿದರು. 1840ರ ಸುಮಾರಿಗೆ ಇಲ್ಲಿ ಒಂದು ದೊಡ್ಡ ನಿರೀಕ್ಷೆ ಹುಟ್ಟಿತು. ಅದೇನಂದರೆ, ಕಾಲಜ್ಞಾನದ ಗ್ರಂಥಗಳನ್ನು ನಂಬಿದ್ದ ಒಂದು ಪಂಥದವರು, ಮುಂದೆ ಬರಲಿರುವ ಸತ್ಯೋಪದೇಶಕರು ಈ ಮಿಶನರಿಗಳೇ ಆಗಿರಬೇಕೆಂದು ಎಣಿಸಿ ಅವರ ಬಳಿಗೆ ಬಂದರು. ಊರಿಗೆ ಊರೇ ಸಭೆಗೆ ಸೇರುವದೆಂದು ಅಯ್ಯನವರು ನೆನಸಿದರು. ಅಂಥವರನ್ನು ಒಟ್ಟಾಗಿ ನೆಲೆಗೊಳಿಸುವದಕ್ಕೆ ಗದಗಿನ ಬಳಿಯ ಮಲ್ಲಸಮುದ್ರದಲ್ಲಿ ಒಕ್ಕಲುತನದ ಊರನ್ನು ಕಟ್ಟುವ ಯೋಜನೆಯೂ ಆಯಿತು. ಆದರೆ ಬರುವೆವೆಂದವರು ಬರಲಿಲ್ಲ. ಗ್ರಂಥದ ಮಾತಿಗೆ ಗ್ರಂಥದ ಮಾತು ಕೂಡಿತಲ್ಲದೆ ಹೃದಯಕ್ಕೆ ಹೃದಯ ಕೂಡಿರಲಿಲ್ಲವೆಂದು ನನಗೆ ತೋರುತ್ತದೆ. ಬೀಳಗಿಗೆ ದೂರವಲ್ಲದ ಗುಳೇದಗುಡ್ಡದಲ್ಲಿ ಮಿಶನ್ ನೆಲೆಯಾದದ್ದು ಇದಾದ ಬಹುಕಾಲದ ಮೇಲೆ, 1851ರಲ್ಲಿ.

ಮಂಗಳೂರಿನಲ್ಲಿ ಅಯ್ಯನವರು ನಡಿಸಿದ ಕೆಲಸವು ಬೇರೆ ತರದ್ದು. ಅವರು ಕೆಲವು ಹುಡುಗರನ್ನು ಕೂಡಿಸಿ ಶಾಲೆಯನ್ನು ಆರಂಭಿಸಿದರು. ಈ ಕೆಲಸದಿಂದಲೇ ಉಪದೇಶಿಗಳನ್ನು ಸಿದ್ಧಪಡಿಸುವ ಸೆಮಿನರಿಯು ಬೆಳೆಯಿತು. ಬಿಳಿಯರು ಬಂಗಲೆಗಳಲ್ಲಿ ಮೇಜು ಕುರ್ಚಿಗಳೊಡನೆ ಬಾಳುತ್ತಿದ್ದ ಆ ಕಾಲದಲ್ಲಿ ಅವರು ತಮ್ಮ ಹುಡುಗರ ನಡುವೆಯೇ ವಾಸಮಾಡಿದರು. ಅವರು ಉಣ್ಣುವ ಅನ್ನವನ್ನೇ ಉಂಡರು. ಪಾಠ, ಊಟ, ಪ್ರಾರ್ಥನೆ ಎಲ್ಲವೂ ಅವರ ಸಂಗಡಲೇ. ಇದು ಎಲ್ಲರಿಗೂ ಸರಿಬೀಳಲಿಲ್ಲ. ಆದರೆ ಒಂದೇ ಸೂರಿನ ಕೆಳಗಿರುವವನ ಕೋಪ, ತಾಳ್ಮೆ, ಬೇನೆ ಬಂದಾಗಿನ ನಡತೆ, ಯಾವದೂ ಮರೆಯಾಗಿರುವದಿಲ್ಲ. ಹುಡುಗರು ಬೋಧನೆಯನ್ನು ಕೇಳಿದ್ದಲ್ಲದೆ ಬೋಧಿಸುವವನನ್ನೇ ದಿನದಿನವೂ ನೋಡುತ್ತಿದ್ದರು.

ಮಿಶನ್ನಿನ ಇಂಗ್ಲಿಷ್ ಶಾಲೆಗೆ ಬರುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯೌವನಸ್ಥರು 1844ರ ಜನವರಿಯಲ್ಲಿ ಇನ್ನಿಬ್ಬರೊಡನೆ ದೀಕ್ಷಾಸ್ನಾನ ಹೊಂದಿದರು. ಊರಲ್ಲಿ ದೊಡ್ಡ ಗದ್ದಲವಾಯಿತು. ಅವರಿಗೆ ಆದ ನಷ್ಟವು ಸಣ್ಣದಲ್ಲ: ಮನೆಯೂ ಬಂಧುಗಳೂ ದೂರವಾದರು, ಕೈಹಿಡಿದ ಹೆಂಡತಿಯೂ ಸಂಗಡ ಬರಲಿಲ್ಲ. ಅವರು ತಮ್ಮ ಗುರುವಿನ ಹೆಸರನ್ನೇ ಧರಿಸಿ ಹೆರ್ಮನ್ ಆನಂದರಾವ್ ಎನಿಸಿಕೊಂಡರು. ಅಯ್ಯನವರು ಅವರನ್ನು ತಮ್ಮ ಸಂಗಡ ಯುರೋಪಿಗೆ ಕರಕೊಂಡು ಹೋದರು. ಬಾಸೆಲಿನಲ್ಲಿ ಕಲಿತ ಕೌಂಡಿನ್ಯರು 1851ರಲ್ಲಿ ಹಸ್ತಾರ್ಪಣ ಹೊಂದಿ ಸ್ವದೇಶಕ್ಕೆ ತಿರುಗಿ ಬಂದು, ತಾವು ಕಲಿತ ಮಂಗಳೂರಿನಲ್ಲಿಯೇ ಬೋಧಕರಾದರು.

ಅಯ್ಯನವರ ಬರವಣಿಗೆಯ ಕೆಲಸವನ್ನು ಲೋಕವೆಲ್ಲ ಬಲ್ಲದು. 1843ರಲ್ಲಿ ಅವರು ಹೊರಡಿಸಿದ ಮಂಗಳೂರ ಸಮಾಚಾರವು ಕನ್ನಡದ ಮೊದಲನೆಯ ಸಮಾಚಾರ ಪತ್ರಿಕೆ. ಊರ ಸುದ್ದಿ, ಸರಕಾರದ ನಿರೂಪಗಳು, ಕಥೆಗಳು, ದಾಸರ ಪದಗಳು ಇವೆಲ್ಲ ಅದರಲ್ಲಿ ಬರುತ್ತಿದ್ದವು. ಕಾಸಾಮಾಜೋರ್ ಎಂಬ ದೊರೆಯ ಧನಸಹಾಯದಿಂದ ಜೈಮಿನಿ ಭಾರತ, ಬಸವ ಪುರಾಣ ಮೊದಲಾದ ಹಳೆಯ ಗ್ರಂಥಗಳನ್ನೂ ಕಲ್ಲಚ್ಚಿನಲ್ಲಿ ಮುದ್ರಿಸಿದರು. ಪರರ ಪುರಾಣಗಳು ಮಿಶನರಿಗೆ ಯಾಕೆಂದು ಕೇಳುವವರು ಈಗಲೂ ಇದ್ದಾರೆ. ನೆರೆಯವನು ಯಾವದನ್ನು ಪ್ರೀತಿಸುತ್ತಾನೆಂದು ತಿಳಿಯದೆ ಅವನ ಸಂಗಡ ಮಾತಾಡುವದು ಹೇಗೆ?

ಇನ್ನು ಕೊಡಗಿನ ಸಂಗತಿ. 1852ರ ಕೊನೆಗೆ ಅಯ್ಯನವರು ದೇಹದಲ್ಲಿ ಕುಗ್ಗಿ, ಸ್ವದೇಶಕ್ಕೆ ಹೊರಡುವ ಸಿದ್ಧತೆಯಲ್ಲಿದ್ದರು. ಆಗ ಕೊಡಗಿನ ಅಳಮಂಡ ಮನೆತನದ ಸೋಮಯ್ಯ ಎಂಬವರು ಸನ್ಯಾಸಿಯ ವೇಷದಲ್ಲಿ ಬಂದು ಸತ್ಯವೇದವನ್ನು ಕಲಿಸಬೇಕೆಂದು ಬೇಡಿದರು. ಅಯ್ಯನವರು ಹಡಗನ್ನು ಹತ್ತುವದನ್ನು ಬಿಟ್ಟು ಘಟ್ಟವನ್ನು ಹತ್ತಿದರು. 1853ರ ಜನವರಿಯಲ್ಲಿ ಸೋಮಯ್ಯನವರಿಗೆ ಅವರ ಸ್ವಂತ ಮನೆಯಲ್ಲಿಯೇ ದೀಕ್ಷಾಸ್ನಾನವಾಯಿತು. ಸ್ತೆಫನ ಎಂಬ ಹೆಸರಾಯಿತು. ಕುಲದವರು ಅವರನ್ನು ಹೊರಗೆ ಹಾಕಿದರು. ಇದನ್ನು ಓದುವವರಲ್ಲಿ, ಬಾವಿಯ ಬಳಿಯಲ್ಲಿಯೂ ಮದುವೆಯ ಪಂಕ್ತಿಯಲ್ಲಿಯೂ ಹೊರಗಾಗುವದು ಎಂಥದೆಂದು ಬಲ್ಲವರಿದ್ದಾರೆ. ಅವರಿಗೆ ನಾನು ಬಿಡಿಸಿ ಹೇಳಬೇಕಾದದ್ದಿಲ್ಲ. ಹೀಗೆ ಕೊಡಗಿನ ಮಿಶನ್ ಆರಂಭವಾದದ್ದು ಬಾಸೆಲಿನ ಅಪ್ಪಣೆಯಿಂದಲ್ಲ, ಹೊಸ್ತಿಲಿಗೆ ಬಂದು ನಿಂತ ಒಬ್ಬನ ಬೇಡಿಕೆಯಿಂದ.

ಕೊಡಗಿನ ಗೌಡಿಕೆಯ ಮನೆತನಗಳು ಬಹುಮಟ್ಟಿಗೆ ದೂರವೇ ನಿಂತವು. ಅಸ್ಪೃಶ್ಯರೆಂದು ಎಣಿಸಲ್ಪಟ್ಟು ತಲತಲಾಂತರದಿಂದ ಜೀತಕ್ಕಿದ್ದ ಬಡಜನರು ಹತ್ತಿರ ಬಂದರು. ಅವರಿಗೋಸ್ಕರ ಕಾಡಿನ ನಡುವೆ ಒಂದು ಊರಾಯಿತು. ಕೌಂಡಿನ್ಯರ ಹೆಸರಿನಿಂದ ಅದನ್ನು ಆನಂದಪುರವೆಂದು ಕರೆದರು. ಟ್ಯೂಬಿಂಗೆನ್ ವಿದ್ಯಾಪೀಠವು 1858ರಲ್ಲಿ ಅಯ್ಯನವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಾಗ ಅವರು ಈ ಬಡವರ ನಡುವೆ ಸೇವೆಮಾಡುತ್ತಿದ್ದರು.

ಅಷ್ಟರಲ್ಲಿ ಅವರು, ಮೃತರಾದ ತಮ್ಮ ಬಂಧು ವೈಗ್ಲೆ ಅಯ್ಯನವರ ವಿಧವೆಯಾದ ಪೌಲಿನಮ್ಮನವರನ್ನು ಮದುವೆಯಾಗಿದ್ದರು. ಆಕೆಯ ಅಸ್ವಸ್ಥತೆಯ ನಿಮಿತ್ತ 1860ರಲ್ಲಿ ಇಬ್ಬರೂ ಜರ್ಮನಿಗೆ ಹೋದರು. ಆನಂದಪುರದ ಭಾರವನ್ನು ಕೌಂಡಿನ್ಯರು ಹೊತ್ತರು. ಅಯ್ಯನವರು ಅಲ್ಲಿದ್ದುಕೊಂಡೇ ಕೊಡಗಿನ ವಿಷಯವಾಗಿ ಗ್ರಂಥವನ್ನು ಬರೆದರು; 1881ರ ಮೇ ತಿಂಗಳಲ್ಲಿ ಎಸ್ಲಿಂಗೆನ್ ಪಟ್ಟಣದಲ್ಲಿ ಕರ್ತನಲ್ಲಿ ನಿದ್ರೆಹೋದರು. ಅವರ ಸ್ನೇಹಿತರಾದ ಗುಂಡರ್ಟ್ ಅಯ್ಯನವರು ಮರುವರುಷವೇ ಅವರ ಚರಿತ್ರೆಯನ್ನು ಬರೆದು ಪ್ರಕಟಿಸಿದರು.