ಗ್ರೇಸ್ ಹಾಪರ್ ಮತ್ತು ನನ್ನ ಕೋಬಾಲ್

ಎಂ.ಟೆಕ್ ಮುಗಿಸಿ ಕೆಲಸಕ್ಕೆ ಸೇರಿದಾಗ ನನ್ನನ್ನು ಹಾಕಿದ್ದು ಒಂದು ಕೋಬಾಲ್ ಪ್ರಾಜೆಕ್ಟಿಗೆ. ಗೆಳತಿಯರೆಲ್ಲ ಜಾವಾ ಕಲಿಯುತ್ತಿದ್ದರೆ, ನಾನು ಹುಟ್ಟುವ ಮೊದಲೇ ಯಾರೋ ಬರೆದಿಟ್ಟಿದ್ದ ಸಾಲುಗಳನ್ನು ತಿದ್ದುತ್ತಾ ಕೂತಿದ್ದೆ. ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಹನ್ನೆರಡು ವರ್ಷ ಅದೇ ಅನ್ನ ಹಾಕಿತು. ಕಳೆದ ವರ್ಷ, ಎರಡನೇ ಮಗುವಿನ ರಜೆ ಮುಗಿಸಿ ಮರಳಿದ ಮೇಲೆ, ಆ ಪ್ರಾಜೆಕ್ಟ್ ಮುಚ್ಚುತ್ತದೆ, ಹೊಸದೇನಾದರೂ ಕಲಿಯಿರಿ ಎಂಬ ಸೂಚನೆ ಬಂತು. ನನಗಾಗ 37 ವರ್ಷ. ಕೋಬಾಲ್‌ನ ಅಜ್ಜಿ ಎಂದೇ ಹೆಸರಾದ ಗ್ರೇಸ್ ಹಾಪರ್ ಅವರ ಬದುಕನ್ನು ಓದಿದ್ದು ಆ ದಿನಗಳಲ್ಲೇ.

ಗ್ರೇಸ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕಿನಲ್ಲಿ. ಏಳನೇ ವಯಸ್ಸಿನಲ್ಲಿ ಅಲಾರಂ ಗಡಿಯಾರದೊಳಗೆ ಏನಿದೆ ಎಂದು ನೋಡಲು ಒಂದನ್ನು ಬಿಚ್ಚಿದರಂತೆ. ಮರಳಿ ಜೋಡಿಸಲಾಗದೆ ಇನ್ನೊಂದನ್ನು ಬಿಚ್ಚಿದರು. ಹೀಗೆ ಮನೆಯ ಏಳು ಗಡಿಯಾರಗಳೂ ಬಿಚ್ಚಿದವು! 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪಿಎಚ್.ಡಿ. ಪಡೆದರು. ವಾಸರ್ ಕಾಲೇಜಿನಲ್ಲಿ ಪಾಠ ಹೇಳುತ್ತಾ ನೆಮ್ಮದಿಯಾಗಿರಬಹುದಿತ್ತು. ಆದರೆ ಎರಡನೇ ಮಹಾಯುದ್ಧ ಬಂತು. ನೌಕಾಪಡೆಗೆ ಸೇರಲು ಹೊರಟಾಗ ವಯಸ್ಸು ಹೆಚ್ಚು, ತೂಕ ಕಡಿಮೆ ಎಂಬ ಅಡ್ಡಿ ಎದುರಾಯಿತು. ವಿನಾಯಿತಿ ಪಡೆದು 1943ರ ಡಿಸೆಂಬರಿನಲ್ಲಿ ಮೀಸಲು ಪಡೆ ಸೇರಿದರು. ಅವರಿಗೂ ಆಗ 37 ವರ್ಷ. ಇದನ್ನು ಓದಿ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಅವರನ್ನು ಕಳಿಸಿದ್ದು ಹಾರ್ವರ್ಡ್‌ಗೆ. ಅಲ್ಲಿ 51 ಅಡಿ ಉದ್ದದ ಮಾರ್ಕ್ 1 ಯಂತ್ರ ನಿಂತಿತ್ತು. ಅಂಥದ್ದನ್ನು ಅವರು ಹಿಂದೆಂದೂ ಕಂಡಿರಲಿಲ್ಲ. ಕಲಿತರು, ಕೊನೆಗೆ ಅದರ 561 ಪುಟಗಳ ಕೈಪಿಡಿಯನ್ನೂ ಬರೆದರು.

1949ರಲ್ಲಿ ಯುನಿವ್ಯಾಕ್ ಕಂಪ್ಯೂಟರ್ ತಯಾರಿಸುತ್ತಿದ್ದ ಕಂಪನಿ ಸೇರಿದರು. ಅಂಕಿಗಳ ಸಂಕೇತದಲ್ಲಿ ಬರೆಯುವ ಕಷ್ಟವನ್ನು ಯಂತ್ರಕ್ಕೇ ವಹಿಸಬಾರದೇಕೆ ಎಂದು ಯೋಚಿಸಿ 1952ರಲ್ಲಿ ಎ-0 ಎಂಬ ಕಂಪೈಲರ್ ಮಾಡಿದರು. ಕಂಪ್ಯೂಟರ್ ಲೆಕ್ಕ ಮಾಡೀತು, ಪ್ರೋಗ್ರಾಂ ಬರೆಯಲಾರದು ಎಂದು ಹೇಳಿದವರೇ ಹೆಚ್ಚು. ಮುಂದೆ ಇಂಗ್ಲಿಷ್ ಪದಗಳಲ್ಲೇ ಲೆಕ್ಕಪತ್ರ ಬರೆಯಬಲ್ಲ ಫ್ಲೋ-ಮ್ಯಾಟಿಕ್ ಎಂಬ ಭಾಷೆ ಬಂತು.

ಇಲ್ಲಿಂದಲೇ ನನ್ನ ಪ್ರಶ್ನೆಗೆ ಉತ್ತರ ಸಿಗತೊಡಗಿತು. ಫ್ಲೋ-ಮ್ಯಾಟಿಕ್ ಒಂದೇ ಕಂಪನಿಯ ಯಂತ್ರಕ್ಕೆ ಅಂಟಿಕೊಂಡಿತ್ತು. ಯಂತ್ರ ಬದಲಿಸಿದರೆ ಪ್ರೋಗ್ರಾಂಗಳನ್ನೆಲ್ಲ ಮತ್ತೆ ಬರೆಯಬೇಕು. ಈ ಖರ್ಚು ತಪ್ಪಿಸಲು 1959ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಒಂದು ಸಮಿತಿ ಸೇರಿ, ಎಲ್ಲರಿಗೂ ಸಲ್ಲುವ ಕೋಬಾಲ್ ರೂಪಿಸಿತು. ಗ್ರೇಸ್ ಅದರ ತಾಂತ್ರಿಕ ಸಲಹೆಗಾರ್ತಿ. ಹೊಸ ಭಾಷೆ ಫ್ಲೋ-ಮ್ಯಾಟಿಕ್‌ನಿಂದ ಧಾರಾಳವಾಗಿ ಪಡೆಯಿತು, ಹಳೆಯದು ಮರೆಗೆ ಸರಿಯಿತು. ತಮ್ಮ ಭಾಷೆಯೇ ಉಳಿಯಬೇಕೆಂದು ಅವರು ಹಟ ಹಿಡಿಯಲಿಲ್ಲ. 1960ರ ಡಿಸೆಂಬರಿನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಂ ಎರಡು ಬೇರೆ ಕಂಪನಿಗಳ ಯಂತ್ರಗಳ ಮೇಲೆ ಓಡಿತು. ಬ್ಯಾಂಕು, ವಿಮೆ, ಸರ್ಕಾರ ಎಲ್ಲವೂ ಅದನ್ನು ಅಪ್ಪಿಕೊಂಡವು.

ಹಾಗಾದರೆ ಕೋಬಾಲ್ ನೆಲ ಕಳೆದುಕೊಂಡದ್ದೇಕೆ? ಅದು ಕೆಟ್ಟ ಭಾಷೆ ಎಂದಲ್ಲ. ಕೆಲಸ ನಡೆಯುವ ಜಾಗವೇ ಬದಲಾಯಿತು. ದೊಡ್ಡ ಮೇನ್‌ಫ್ರೇಮ್‌ಗಳ ಪಕ್ಕದಲ್ಲಿ ಸಣ್ಣ ಯಂತ್ರಗಳು ಬಂದವು, ಅವುಗಳ ಜೊತೆ ಯುನಿಕ್ಸ್ ಮತ್ತು ಸಿ ಬಂದವು. ಕಾಲೇಜುಗಳು ಕೋಬಾಲ್ ಕಲಿಸುವುದನ್ನು ಕಡಿಮೆ ಮಾಡಿದವು. 1995ರಲ್ಲಿ ಬಂದ ಜಾವಾ ಇಂಟರ್ನೆಟ್ ಜೊತೆಗೇ ಬೆಳೆಯಿತು. ಹೊಸ ಕೆಲಸಗಳು ಹೊಸ ಭಾಷೆಗೆ ಹೋದವು, ಹಳೆಯದಕ್ಕೆ ದುರಸ್ತಿಯಷ್ಟೇ ಉಳಿಯಿತು. ವಿಚಿತ್ರವೆಂದರೆ, ದೊಡ್ಡ ಯಂತ್ರದ ಬದಲು ಸಣ್ಣ ಯಂತ್ರಗಳ ಜಾಲ ಬರಬೇಕೆಂದು 1970ರ ದಶಕದಲ್ಲೇ ವಾದಿಸಿದವರಲ್ಲಿ ಗ್ರೇಸ್ ಕೂಡ ಒಬ್ಬರು! ಅವರ ಕೋಣೆಯ ಗಡಿಯಾರ ಹಿಮ್ಮುಖವಾಗಿ ತಿರುಗುತ್ತಿತ್ತು. ಎಲ್ಲವನ್ನೂ ಹಿಂದಿನಂತೆಯೇ ಮಾಡಬೇಕಿಲ್ಲ ಎಂದು ನೆನಪಿಸಲು.

ಆದರೂ ಕೋಬಾಲ್ ಸಾಯಲಿಲ್ಲ. ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆದು ಜಾಗ ಉಳಿಸಿದ್ದರಿಂದ 2000ನೇ ಇಸವಿಗೆ ಮುಂಚೆ ಬಂದ ಭಯ ನಮ್ಮ ಹಿರಿಯ ಸದಸ್ಯರಿಗೆ ನೆನಪಿರಬಹುದು. ಆ ದುರಸ್ತಿ ಕೆಲಸ ಬೆಂಗಳೂರು, ಮುಂಬಯಿ, ಚೆನ್ನೈಗಳ ಎಷ್ಟೋ ಎಂಜಿನಿಯರುಗಳಿಗೆ ವಿದೇಶದ ಬಾಗಿಲು ತೆರೆಯಿತು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ವೇಳೆ, ನ್ಯೂಜೆರ್ಸಿಯ ಗವರ್ನರ್ ಕೋಬಾಲ್ ಬಲ್ಲವರು ಬೇಕೆಂದು ಬಹಿರಂಗವಾಗಿ ಕೇಳಿದರು.

ಗ್ರೇಸ್ 1966ರಲ್ಲಿ ನಿವೃತ್ತರಾದರು. ಮರುವರ್ಷವೇ ನೌಕಾಪಡೆ ಮರಳಿ ಕರೆಯಿತು. 1986ರಲ್ಲಿ, 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ಮತ್ತೆ ನಿವೃತ್ತರಾದರು. ಅಷ್ಟಕ್ಕೂ ನಿಲ್ಲದೆ ಒಂದು ಕಂಪ್ಯೂಟರ್ ಕಂಪನಿಗೆ ಸಲಹೆಗಾರ್ತಿಯಾಗಿ ಸೇರಿದರು. 1992ರ ಜನವರಿ 1ರಂದು ತೀರಿಕೊಂಡರು.

ನಾನೀಗ ಮಕ್ಕಳು ಮಲಗಿದ ಮೇಲೆ ಪೈಥಾನ್ ಕಲಿಯುತ್ತಿದ್ದೇನೆ. ಹಳೆಯ ಲೆಕ್ಕವನ್ನು ಹೊಸ ವ್ಯವಸ್ಥೆಗೆ ಸಾಗಿಸುವ ತಂಡದಲ್ಲಿ ಸದ್ಯಕ್ಕೆ ಜಾಗ ಸಿಕ್ಕಿದೆ. ಆ ಹಳೆಯ ಸಾಲುಗಳನ್ನು ಓದಬಲ್ಲವರು ಒಬ್ಬರಾದರೂ ಬೇಕಲ್ಲ! ಆ ಕೆಲಸ ಎಷ್ಟು ದಿನ ಇರುತ್ತದೋ ಗೊತ್ತಿಲ್ಲ. ಆದರೆ ಸವೆದದ್ದು ನಾನು ಕಲಿತ ಒಂದು ಭಾಷೆ, ನಾನಲ್ಲ. ಇದನ್ನು ಮನಸ್ಸಿಗೆ ತಂದುಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು. ಕೆಲಸಕ್ಕೆ ಮರಳಲು ಹಿಂಜರಿಯುತ್ತಿರುವ ಗೆಳತಿಯರು ನಮ್ಮ ಸಂಘದಲ್ಲೂ ಇದ್ದಾರೆ. ಅವರಿಗಾಗಿಯೇ ಇದನ್ನು ಬರೆದೆ.