ಮಹಾರಾಣಿ ಲಕ್ಷ್ಮಮ್ಮಣ್ಣಿ

ಮೈಸೂರಿನ ಇತಿಹಾಸದಲ್ಲಿ ಮಹಾರಾಣಿ ಲಕ್ಷ್ಮಮ್ಮಣ್ಣಿಯವರ ಹೆಸರು ಚಿರಸ್ಮರಣೀಯವಾದುದು. ಪತಿ ಇಮ್ಮಡಿ ಕೃಷ್ಣರಾಜ ಒಡೆಯರು 1766ರಲ್ಲಿ ತೀರಿಕೊಂಡ ಮೇಲೂ ಅವರು ಎದೆಗುಂದಲಿಲ್ಲ. ಒಡೆಯರ ಮನೆತನಕ್ಕೆ ರಾಜ್ಯವು ಮರಳಿ ದೊರೆಯಬೇಕೆಂದು ಮೂರು ದಶಕಗಳ ಕಾಲ ಶ್ರಮಿಸಿದರು. 1799ರಲ್ಲಿ ಐದು ವರ್ಷದ ಮೊಮ್ಮಗ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು.

ಆ ಕಾಲದಲ್ಲಿ ಅರಮನೆಗೂ ಗುಡಿಸಲಿಗೂ ಸಮಾನ ವೈರಿಯಾಗಿದ್ದುದು ಸಿಡುಬು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಪ್ರಯೋಗಿಸಿದ ಲಸಿಕೆಯು 1802ರಲ್ಲಿ ಮುಂಬಯಿಗೆ ತಲುಪಿತು. ಆದರೆ ಹಸುವಿನ ರೋಗದಿಂದ ಪಡೆದ ಆ ಹೊಸ ಮದ್ದನ್ನು ಜನರು ಶಂಕೆಯಿಂದ ಕಂಡರು. 1806ರಲ್ಲಿ ಮೈಸೂರಿನ ಎಳೆಯ ರಾಣಿ ದೇವಾಜಮ್ಮಣ್ಣಿಯವರು ಲಸಿಕೆ ಹಾಕಿಸಿಕೊಂಡರು. ಕಷ್ಟದಿಂದ ಉಳಿಸಿಕೊಂಡ ವಂಶದ ಸೊಸೆಯನ್ನೇ ಹೀಗೆ ಮುಂದೊಡ್ಡಲು ಲಕ್ಷ್ಮಮ್ಮಣ್ಣಿಯವರ ಪ್ರೇರಣೆಯಿತ್ತೆಂದು ಇತಿಹಾಸಕಾರರು ಭಾವಿಸುತ್ತಾರೆ. ಸುದ್ದಿ ಹಬ್ಬುತ್ತಲೇ ಅನೇಕ ಪ್ರಜೆಗಳು ಲಸಿಕೆಗೆ ಮುಂದಾದರು. ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ಕಾಲವಾದರು.

ಸಿಡುಬು ನಿರ್ಮೂಲವಾಯಿತೆಂದು 1980ರಲ್ಲಿ ಜಗತ್ತಿಗೆ ಸಾರಲಾಯಿತು. ದಡಾರವಾದರೋ ಇನ್ನೂ ಉಳಿದಿದೆ. ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಒಂದೂವರೆ ವರ್ಷದ ಸುಮಾರಿಗೆ ಮತ್ತೊಮ್ಮೆ ಲಸಿಕೆ ಹಾಕಿಸಿದರೆ ಅದನ್ನು ತಡೆಯಬಹುದು. ಹಿಂದೆ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಅಮ್ಮಸಂದ್ರದ ತೆಂಗಿನ ಸೀಮೆಯಲ್ಲಿ ಇಂದು ಮಗುವನ್ನೆತ್ತಿಕೊಂಡು ಲಸಿಕೆಗೆ ಬರುವ ತಾಯಿಯೂ ಆ ಅರಮನೆಯ ಮೇಲ್ಪಂಕ್ತಿಯನ್ನೇ ಅನುಸರಿಸುತ್ತಾಳೆ.