ಜೋಕಿಚಿ ತಕಾಮಿನೆ: ಬೂಷ್ಟಿನ ಕಿಣ್ವವನ್ನು ಔಷಧವಾಗಿಸಿದ ರಸಾಯನವಿಜ್ಞಾನಿ

ತೀವ್ರ ಅಲರ್ಜಿಯಿಂದ ರಕ್ತದೊತ್ತಡ ಕುಸಿದ ರೋಗಿಗೆ ವೈದ್ಯರು ತಡಮಾಡದೆ ನೀಡುವ ಚುಚ್ಚುಮದ್ದು ಅಡ್ರಿನಲಿನ್. ಅದನ್ನು ಹರಳಿನ ರೂಪದಲ್ಲಿ ಮೊದಲು ಪಡೆದದ್ದು ಜಪಾನಿನ ರಸಾಯನವಿಜ್ಞಾನಿ ಜೋಕಿಚಿ ತಕಾಮಿನೆಯವರ ನ್ಯೂಯಾರ್ಕಿನ ಪ್ರಯೋಗಾಲಯ. ಆದರೆ ಅವರಿಗೆ ಹೆಸರು, ಹಣ ಎರಡನ್ನೂ ಮೊದಲು ತಂದುಕೊಟ್ಟದ್ದು ಪಿಷ್ಟವನ್ನು ಜೀರ್ಣಿಸುವ ಒಂದು ಕಿಣ್ವ.

ತಕಾಮಿನೆ 1854ರಲ್ಲಿ ತಕಾಓಕಾದಲ್ಲಿ ಜನಿಸಿ ಕನಜಾವಾದಲ್ಲಿ ಬೆಳೆದರು. ತಂದೆ ವೈದ್ಯರು, ತಾಯಿಯದು ಸಾಕೆ ಎಂಬ ಅಕ್ಕಿಮದ್ಯವನ್ನು ತಯಾರಿಸುವ ಮನೆತನ. ಬಾಲ್ಯದಲ್ಲೇ ನಾಗಸಾಕಿಗೆ ಹೋಗಿ ವಿದೇಶಿ ಭಾಷೆಗಳನ್ನು ಕಲಿತ ಅವರು, 1879ರಲ್ಲಿ ಟೋಕಿಯೋದ ಎಂಜಿನಿಯರಿಂಗ್ ಕಾಲೇಜಿನಿಂದ ಪದವಿ ಪಡೆದು, ಸರ್ಕಾರದ ನೆರವಿನಿಂದ ಗ್ಲಾಸ್ಗೋದಲ್ಲಿ ವ್ಯಾಸಂಗ ಮುಂದುವರಿಸಿದರು. 1884ರಲ್ಲಿ ನ್ಯೂ ಆರ್ಲಿಯನ್ಸಿನ ವಸ್ತುಪ್ರದರ್ಶನಕ್ಕೆ ಬಂದಾಗ ಪರಿಚಯವಾದ ಕ್ಯಾರೊಲಿನ್ ಹಿಚ್ ಅವರನ್ನು 1887ರಲ್ಲಿ ವಿವಾಹವಾದರು. 1890ರಲ್ಲಿ ಕುಟುಂಬ ಅಮೆರಿಕಕ್ಕೆ ಬಂದು ನೆಲೆಸಿತು.

ಧಾನ್ಯದ ಪಿಷ್ಟವು ನೇರವಾಗಿ ಮದ್ಯವಾಗದು. ಅದು ಮೊದಲು ಸಕ್ಕರೆಯಾಗಬೇಕು. ಪಾಶ್ಚಾತ್ಯರು ಈ ಕೆಲಸಕ್ಕೆ ಬಳಸುತ್ತಿದ್ದುದು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅಂದರೆ ಮಾಲ್ಟ್. ನಮ್ಮಲ್ಲಿ ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿದಾಗ ಗಂಜಿ ತೆಳ್ಳಗಾಗಿ ತುಸು ಸಿಹಿಯಾಗುವುದೂ ಇದೇ ಬಗೆಯ ಕಿಣ್ವಗಳಿಂದ. ಜಪಾನೀಯರಾದರೋ ಅನ್ನದ ಮೇಲೆ ಆಸ್ಪರ್ಜಿಲಸ್ ಒರೈಜೆ ಎಂಬ ಬೂಷ್ಟನ್ನು ಬೆಳೆಸಿ, ಕೋಜಿ ಎಂಬ ಹೆಸರಿನಲ್ಲಿ ಬಳಸುತ್ತಿದ್ದರು. ತಕಾಮಿನೆ ಆ ಬೂಷ್ಟನ್ನು ಅಗ್ಗದ ಗೋಧಿ ಬೂಸಾದ ಮೇಲೆ ಬೆಳೆಸಿದರು. ಮಾಲ್ಟ್‌ಗಿಂತ ಬೇಗನೆ, ಕಡಿಮೆ ಖರ್ಚಿನಲ್ಲಿ ಕಿಣ್ವ ದೊರೆಯಿತು.

ಇಲಿನಾಯ್ ರಾಜ್ಯದ ಪಿಯೋರಿಯಾದ ವಿಸ್ಕಿ ಉದ್ಯಮಿಗಳು ಈ ವಿಧಾನವನ್ನು ಪರೀಕ್ಷೆಗೆ ಒಳಪಡಿಸಿದರು. ಮಾಲ್ಟ್ ತಯಾರಕರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯಾಯಿತು. ವಿರೋಧ ಬೆಳೆಯಿತು, ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು, ಯಾರೋ ಕಿಚ್ಚಿಟ್ಟರೆಂಬ ಸಂಶಯ ಉಳಿಯಿತು. ಅದೇ ವರ್ಷಗಳಲ್ಲಿ ತಕಾಮಿನೆಯವರನ್ನು ಯಕೃತ್ತಿನ ಕಾಯಿಲೆಯೂ ಕಾಡಿತು. ವಿಸ್ಕಿಯ ಕನಸು ಕೈಗೂಡಲಿಲ್ಲ.

ಆದರೆ ಕಿಣ್ವ ಕೈಬಿಡಲಿಲ್ಲ. ಬೂಷ್ಟು ಬೆಳೆದ ಬೂಸಾವನ್ನು ನೀರಿನಲ್ಲಿ ನೆನೆಸಿ, ಆ ಸಾರಕ್ಕೆ ಆಲ್ಕೋಹಾಲ್ ಬೆರೆಸಿದರೆ ಕಿಣ್ವವು ಪುಡಿಯಾಗಿ ತಳಕ್ಕಿಳಿಯುತ್ತಿತ್ತು. 1894ರಲ್ಲಿ ಅವರು ಇದಕ್ಕೆ ಅಮೆರಿಕದ ಪೇಟೆಂಟ್ ಪಡೆದರು. ಡೆಟ್ರಾಯಿಟ್‌ನ ಪಾರ್ಕ್ ಡೇವಿಸ್ ಸಂಸ್ಥೆ ಅದನ್ನು ತಕಾ-ಡಯಾಸ್ಟೇಸ್ ಎಂಬ ಹೆಸರಿನಲ್ಲಿ ಅಜೀರ್ಣದ ಔಷಧವಾಗಿ ಮಾರಿತು.

ಆ ಸಂಸ್ಥೆಯ ನಂಟಿನಿಂದಲೇ ಅಡ್ರಿನಲ್ ಗ್ರಂಥಿಯ ಸಂಶೋಧನೆ ಮೊದಲಾಯಿತು. 1900ರಲ್ಲಿ ತಕಾಮಿನೆಯವರ ಯುವ ಸಹಾಯಕ ಕೈಜೊ ಉಎನಾಕಾ ಅದರ ಸ್ರಾವವನ್ನು ಹರಳಾಗಿ ಬೇರ್ಪಡಿಸಿದರು. ಪೇಟೆಂಟ್ ಮಾತ್ರ ತಕಾಮಿನೆಯವರ ಹೆಸರಿಗೇ ಬಂತು; ಕೀರ್ತಿಯೂ ಬಹುಪಾಲು ಅವರದೇ ಆಯಿತು. ಪ್ರಯೋಗದ ದಿನಚರಿ ಬರೆದಿಟ್ಟ ಉಎನಾಕಾ ಅವರಿಗೆ ಸಲ್ಲಬೇಕಾದ ಗೌರವ ಬಹುಕಾಲ ಸಲ್ಲಲಿಲ್ಲ. ಅದೇ ಸ್ರಾವದ ಮೇಲೆ ಮೊದಲೇ ದುಡಿದಿದ್ದ ಜಾನ್ ಏಬೆಲ್ ಅದಕ್ಕೆ ಎಪಿನೆಫ್ರಿನ್ ಎಂದು ಹೆಸರಿಟ್ಟಿದ್ದರು. ಭಾರತದಲ್ಲಿ ಓದಿದ ವೈದ್ಯರು ಅಡ್ರಿನಲಿನ್ ಎಂದು ಕಲಿತ ಮದ್ದು ಅಮೆರಿಕದ ಆಸ್ಪತ್ರೆಗಳಲ್ಲಿ ಇಂದಿಗೂ ಎಪಿನೆಫ್ರಿನ್ ಆಗಿರುವುದು ಹೀಗೆ.

ಜಪಾನಿನಲ್ಲಿ ಸಾಂಕ್ಯೊ ಔಷಧ ಸಂಸ್ಥೆಯ ಮೊದಲ ಅಧ್ಯಕ್ಷರಾದ ತಕಾಮಿನೆ, 1912ರಲ್ಲಿ ವಾಷಿಂಗ್ಟನ್ನಿಗೆ ಬಂದ 3,020 ಚೆರ್ರಿ ಸಸಿಗಳ ಕೊಡುಗೆಯ ಹಿಂದೆಯೂ ಇದ್ದರು. ಇಷ್ಟಾಗಿಯೂ ಅಂದಿನ ಕಾನೂನಿನಂತೆ ಜಪಾನಿನಲ್ಲಿ ಹುಟ್ಟಿದವರಿಗೆ ಅಮೆರಿಕದ ಪೌರತ್ವ ಸಿಗುವಂತಿರಲಿಲ್ಲ. ಮೂರು ದಶಕ ಅಲ್ಲಿ ಬಾಳಿದ ಅವರು ಪರದೇಶಿಯಾಗಿಯೇ 1922ರ ಜುಲೈ 22ರಂದು ತೀರಿಕೊಂಡರು. ಸಮಾಧಿ ನ್ಯೂಯಾರ್ಕಿನ ವುಡ್‌ಲಾನ್ ಸ್ಮಶಾನದಲ್ಲಿದೆ.

ಇಂದು ಪಿಷ್ಟದ ಉದ್ಯಮದಲ್ಲಿ ಕುದಿಯುವ ಬಿಸಿಗೂ ಜಗ್ಗದ ಬ್ಯಾಸಿಲಸ್ ವರ್ಗದ ಬ್ಯಾಕ್ಟೀರಿಯಾಗಳ ಅಮೈಲೇಸ್‌ಗಳು ದುಡಿಯುತ್ತಿವೆ. ಸೂಕ್ಷ್ಮಜೀವಿಯನ್ನು ಬೆಳೆಸಿ, ಅದರ ಕಿಣ್ವವನ್ನು ಬೇರ್ಪಡಿಸಿ, ಸರಕಾಗಿ ಮಾರುವ ದಾರಿಯನ್ನು ಮೊದಲು ತುಳಿದವರಲ್ಲಿ ತಕಾಮಿನೆ ಒಬ್ಬರು.